ನೆಟ್ ಸಾಲವಲ್ದಂದ್ರ ಮೊದಲ ನನ್ನ ಫೋನೇ ಯಾಕ?

"ಅವ್ವಾ, ನಿನ್ನ ವೈಫೈ ಬಂದ್ ಮಾಡು, ನನ್ನ ಮೀಟಿಂಗ್ ನಿಂತ ನಿಂತ ಹೊಂಟೈತಿ!"

ಸಂಜಿ ಐದೂವರಿ ಆತಂದ್ರ ಮಗ ಒಳಗಿನ ಖೋಲಿಯಿಂದ ಹಿಂಗ ಒದರತಿದ್ದ. ನಿಮ್ಮ ಮನ್ಯಾಗೂ ಈ ಮಾತು ಕೇಳಿರತೀರಿ. ಹುಡುಗನ ನೌಕರಿ ಮುಂದ ನನ್ನ ಫೋನೇನು ದೊಡ್ಡದು ಅಂತ ನಾನೂ ಎರಡು ವರ್ಷ ಸುಮ್ಮನ ಬಂದ್ ಮಾಡಿದೆ.

ಆದ್ರ ಆ ಹೊತ್ತಿಗೆ ನಾ ಮಾತಾಡೂದು ಬಾಗಲಕೋಟಿಯೊಳಗಿರೋ ನಮ್ಮ ಅಕ್ಕನ ಜೋಡಿ. ಆಕಿಗೆ ಲಕ್ವಾ ಹೊಡದ ಮ್ಯಾಲೆ ಬಲಗೈ ಏಳಂಗಿಲ್ಲ, ಮಾತು ತೊದಲತಾವ. ಬರೇ ದನಿ ಕೇಳಿದ್ರ ಏನೂ ತಿಳಿಯಂಗಿಲ್ಲ, ಮಾರಿ ನೋಡಿದ್ರ ಎಲ್ಲಾ ತಿಳಿತೈತಿ. ನಾ ಒಲಿ ಮ್ಯಾಲಿನ ಪಲ್ಯ ತೋರಸ್ತೀನಿ, ಆಕಿ ಖಾರ ಸಾಲದು ಅಂತ ಎಡಗೈಲೆ ಸನ್ನಿ ಮಾಡತಾಳ. ಇಷ್ಟ ನಮ್ಮ ಮಾತು. ದೀಪಾವಳಿ ಮುಂದ ನಾಲ್ಕು ದಿನ ಒಂದೇ ಸವನ ಫೋನ್ ಮಾಡಲಿಲ್ಲ. ಐದನೇ ದಿನ ಆಕಿ ಸೊಸಿ ಹೇಳಿದ್ಲು, "ಅತ್ತಿಯವರ, ಇವರು ಏಳರತನಕಾ ಫೋನ್ ತೊಡಿಮ್ಯಾಲೆ ಇಟಗೊಂಡ ಕುಂಡ್ರತಾರ. ಚಾನೂ ಒಲ್ಲೆ ಅಂತಾರ."

ಅವತ್ತ ನನಗ ಸಿಟ್ಟು ಬಂತು. ಮಗನ ಮ್ಯಾಲೆ ಅರ್ಧ, ನನ್ನ ಮ್ಯಾಲೆ ಅರ್ಧ. ಮರುದಿನ ನೆಟ್ ಹಾಕೋ ಹುಡುಗನ್ನ ಕರಿಸಿ, "ತಮ್ಮಾ, ನನ್ನ ಫೋನಿನಿಂದ ಇಷ್ಟು ತ್ರಾಸ ಆಗತೈತೇನು? ಖರೆ ಹೇಳು" ಅಂದೆ. ಅವಾ ನಕ್ಕಬಿಟ್ಟ. ನಮ್ಮದು 40 ಎಂಬಿಪಿಎಸ್ ಕನೆಕ್ಷನ್. ಫೋನಿನ್ಯಾಗ ಮಾರಿ ನೋಡಿ ಮಾತಾಡಾಕ ಅದರಾಗ ಒಂದೋ ಎರಡೋ ಸಾಕಂತ. ಮಗನ ಮೀಟಿಂಗಿಗೆ ಮೂರು ನಾಲ್ಕು. ದೊಡ್ಡ ಟಿವಿಯೊಳಗ 4ಕೆ ಸಿನಿಮಾ ಹಚ್ಚಿದ್ರ ಹದಿನೈದು ಮ್ಯಾಲೇ ಬೇಕು. ಅದನ್ನ ಹಚ್ಚಿ ನಮ್ಮ ಮನಿಯವರು ಕುರ್ಚಿಯೊಳಗ ಗೊರಕಿ ಹೊಡಿತಿರತಾರ! ಮತ್ತ ಅವರ ಫೋನು ಚಾರ್ಜಿಗೆ ಹಚ್ಚಿದ ಕೂಡಲೆ ಮದುವಿ ವಿಡಿಯೋ ಎಲ್ಲಾ ತಾನ ಮ್ಯಾಲೆ ಕಳಸಾಕ ಶುರು ಮಾಡತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.

ಆಮ್ಯಾಲೆ ರೌಟರಿನ ಪಟ್ಟಿ ತಗದು ತೋರಿಸಿದ. ಹದಿಮೂರು ಸಾಮಾನು ಕೂಡಿದ್ವು. ನಾಲ್ಕು ಫೋನು, ಎರಡು ಲ್ಯಾಪ್‌ಟಾಪು, ಒಂದು ಟಿವಿ ನಮ್ಮವು. ಉಳದ ಆರು? ಹ್ವಾದ ವರ್ಷ ಮ್ಯಾಲಿನ ಖೋಲಿ ಬಿಟ್ಟು ಎದರಿನ ಮನಿಗೆ ಹೋದ ಬಾಡಿಗಿ ಹುಡುಗರವು, ಅವರ ಗೆಳ್ಯಾರವು. ಪಾಸ್‌ವರ್ಡ್ ಅಂದ್ರ ಮನಿ ಹೆಸರು ಮುಂದ 123. ಅದನ್ನ ಓಣಿಗೆಲ್ಲಾ ಹೇಳಿದಾಕಿ ನಾನ. ಹಬ್ಬದ ಹೋಳಿಗಿ ಹಂಚಿದಂಗ ಹಂಚಿದ್ದೆ.

ಆ ಹುಡುಗ ಇನ್ನೊಂದು ಮಾತು ಹೇಳಿದ. ಮನ್ಯಾಗ ಎಷ್ಟ ಫೋನ್ ಇರಲಿ, ಹೊರಗಿನವರಿಗೆ ಕಾಣೂದು ಒಂದ ನಂಬರ್. ಹಿಂದಕ ಕೂಡು ಕುಟುಂಬದಾಗ ಎಲ್ಲಾರ ಪತ್ರಾನೂ ಒಂದ ಮನಿ ನಂಬರಿಗೆ ಬಂದು, ಮುತ್ಯಾ ಹೆಸರು ಓದಿ ಕೊಡತಿದ್ದನಲ್ಲ, ಆ ಕೆಲಸ ರೌಟರಿನದು. ಹಂಗಂದ್ರ ಯಾರೋ ನಮ್ಮ ನೆಟ್ಟಿನ್ಯಾಗ ಏನೋ ಕೆಟ್ಟದು ಮಾಡಿದ್ರ ಹುಡುಕ್ಕೊಂತ ಬರೂದು ನಮ್ಮ ಬಾಗಲಕ್ಕ. ಇದನ್ನ ಕೇಳಿ ಎದಿ ಧಸಕ್ಕಂತು.

ಪಾಸ್‌ವರ್ಡ್ ಬದಲಿ ಮಾಡಿಸಿ, ಬಂದವರಿಗೆ ಅಂತ ಗೆಸ್ಟ್ ಹೆಸರಿಂದು ಬ್ಯಾರೆ ಮಾಡಿಸಿದೆ. ರೌಟರ್ ಚಂದ ಕಾಣಂಗಿಲ್ಲ ಅಂತ ನಾನ ಕಬ್ಬಣದ ಟ್ರೆಜರಿ ಹಿಂದ ಇಟ್ಟಿದ್ದೆ, ಅದನ್ನ ನಡುಮನಿಯೊಳಗ ಎತ್ತರಕ್ಕ ಹಾಕಿಸಿದೆ. ನಮ್ಮದು ಧಾರವಾಡದ ಹಳೇ ಮನಿ, ಮಣ್ಣಿನ ಗ್ವಾಡಿ ಎರಡು ಫೂಟು ದಪ್ಪ. ವೈಫೈದಾಗ 5 ಗಿಗಾಹರ್ಟ್ಸಿಂದು ಜೋರು ಓಡತೈತಿ, ಆದ್ರ ಗ್ವಾಡಿ ದಾಟಾಕ ಬಳಲತೈತಿ. 2.4ರದು ದಾಟತೈತಿ, ಆದ್ರ ಸಾವಕಾಶ. ಅದಕ್ಕ ಮಗನ ಟೇಬಲ್ಲಿಗೆ ಸೀದಾ ವಾಯರ್ ಎಳಿಸಿದೆ. ಕೂಲಿ ಹಿಡದು ಸಾವಿರದೊಳಗ ಮುಗೀತು.

ಕೆಲವರು ಅಂದ್ರಿ, ಮಗನಿಗೆ ಬ್ಯಾರೆ ಕನೆಕ್ಷನ್ ತಗೊಳ್ರಿ ಅಂತ. ಯಾಕ್ರೀ? ನಳದ ನೀರು ಕಡಿಮಿ ಬಂದ್ರ ಎರಡನೇ ನಳ ಹಾಕಸ್ತೀವೇನು? ಮಲಪ್ರಭಾ ನೀರಿಗೆ ದಿನಾ ಎಣಿಸಿ ಕುಂತ ಊರಿನವರು ನಾವು. ಹಿತ್ತಲದಾಗ ಎಲ್ಲಿ ಸೋರತೈತಿ ಅಂತ ಮೊದಲ ನೋಡತೀವಿ. ಅಡಗಿಮನಿ ನಳಾನ ಮೊದಲ ತಿರುವಂಗಿಲ್ಲ. ನೆಟ್ಟಿನ ವಿಷಯದಾಗ ಮಾತ್ರ ಅಡಗಿಮನಿಯಾಕಿ ಫೋನಿಗೇ ಮೊದಲ ಕೈ ಹಾಕತಾರ. ಆಕಿ ಮಾತು ಬರೇ ಹರಟಿ ಅಂತ ಎಲ್ಲಾರೂ ತಿಳಕೊಂಡಾರ, ನಾವೂ ಹೂಂ ಅಂದೀವಿ. ಖರೇನ ಸಾಲದಿದ್ದ ದಿನ ಪರೀಕ್ಷಾ, ನೌಕರಿ ಮುಂದ ಹೋಗಲಿ, ನನ್ನ ತಕರಾರಿಲ್ಲ. ಆದ್ರ ಅವತ್ತ ಮೊದಲ ಟಿವಿ ಬಂದ್ ಆಗಲಿ, ಆಮ್ಯಾಲೆ ನನ್ನನ್ನ ಕೇಳ್ರಿ. ರೀಚಾರ್ಜಿನ ರೊಕ್ಕ ನನ್ನ ಮನಿಖರ್ಚಿನ್ಯಾಗ ಹೋಗತೈತಿ.

ಎದರಿನ ಹುಡುಗರು ಎಂಟು ದಿನ ನನ್ನ ಜೋಡಿ ಮಾತು ಬಿಟ್ಟಿದ್ರು. ಒಬ್ಬಾಂವ ಪರೀಕ್ಷಾದ ಫಾರ್ಮ್ ತುಂಬಬೇಕು ಅಂತ ಬಂದ, ಗೆಸ್ಟಿಂದು ಹಾಕಿ ಕೊಟ್ಟೆ, ಚಾನೂ ಕೊಟ್ಟೆ. ಮಗ ಈಗ ಒದರಂಗಿಲ್ಲ. ಅಕ್ಕ ಐದೂವರಿಗೆ ಬರತಾಳ, ನಿನ್ನೆ ನನ್ನ ಝುಣಕಾ ನೋಡಿ ಉಳ್ಳಾಗಡ್ಡಿ ಹೆಚ್ಚಾತು ಅಂತ ತಲಿ ಅಲ್ಲಾಡಿಸಿದ್ಲು. ನಮ್ಮ ಮನಿಯವರು ಮಾತ್ರ ಟಿವಿ ಬಂದ್ ಮಾಡ್ರಿ ಅಂದ್ರ "ಏ, ನಾ ನೋಡಾಕತ್ತೀನಿ" ಅಂತಾರ, ಕಣ್ಣು ಮುಚಗೊಂಡ.