ಅಮರಾವತಿಯ ಕೇರಿಯಿಂದ ಶ್ರೇಷ್ಠ ನ್ಯಾಯಪೀಠಕ್ಕೆ

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ನಮ್ಮ ಪೇಟೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಅದು ಅನುಭವದ ಮಾತು. ಇಚಲಕರಂಜಿಯ ಮಗ್ಗದ ಮಾಲೀಕರಿರಲಿ, ಗಡಹಿಂಗ್ಲಜದ ಅಡತಿ ವ್ಯಾಪಾರಿಗಳಿರಲಿ, ಹೈಕೋರ್ಟಿಗೆ ಅಪೀಲು ಹೋಗಬೇಕೆಂದರೆ ಮುಂಬಯಿಯ ಹಾದಿಯನ್ನೇ ಹಿಡಿಯಬೇಕಾಗಿತ್ತು. ಕೊಲ್ಲಾಪುರದಿಂದ ಮುಂಬಯಿ ಸುಮಾರು 380 ಕಿಲೋಮೀಟರು. ಗಡಹಿಂಗ್ಲಜದವರಿಗೆ ಇನ್ನೂ ದೂರ. ವಕೀಲರ ಫೀ, ವಸತಿಯ ಖರ್ಚು, ಅಂಗಡಿ ಮುಚ್ಚಿದ ನಷ್ಟ ಎಲ್ಲ ಸೇರಿ, ತಾರೀಖು ಮುಂದೆ ಹೋಯಿತೆಂದರೆ ಬಂದ ದಾರಿಗೆ ಸುಂಕವಿಲ್ಲವೆಂದು ಮರಳುವುದು. ಈ ಕಾರಣಕ್ಕೇ ನ್ಯಾಯವಾದ ಹಕ್ಕನ್ನು ಬಿಟ್ಟುಕೊಟ್ಟು ಸುಮ್ಮನಾದ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲ.

ಈ ಭಾಗದ ವಕೀಲರು ಹಲವು ದಶಕಗಳ ಕಾಲ ಹೋರಾಡಿದ ಫಲವಾಗಿ 2025ರ ಆಗಸ್ಟ್ 17ರಂದು ಕೊಲ್ಲಾಪುರದಲ್ಲಿ ಮುಂಬಯಿ ಹೈಕೋರ್ಟಿನ ಸರ್ಕಿಟ್ ಪೀಠದ ಉದ್ಘಾಟನೆಯಾಯಿತು. ಮರುದಿನದಿಂದಲೇ ಕೆಲಸ ಆರಂಭವಾಯಿತು. ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ರತ್ನಾಗಿರಿ, ಸಿಂಧುದುರ್ಗ ಈ ಆರು ಜಿಲ್ಲೆಗಳು ಅದರ ವ್ಯಾಪ್ತಿಗೆ ಸೇರಿದವು. ಅಂದು ಉದ್ಘಾಟನೆ ಮಾಡಿದವರು ಭಾರತದ ಆಗಿನ ಮುಖ್ಯ ನ್ಯಾಯಮೂರ್ತಿ ಭೂಷಣ ರಾಮಕೃಷ್ಣ ಗವಾಯಿಯವರು. ಪೀಠದ ಸುದ್ದಿಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿಯೇ ಇದ್ದೀರಿ. ಆ ವ್ಯಕ್ತಿಯ ಬಾಳಿನ ಕಥೆಯನ್ನು ಮನೆಮಂದಿಯೆಲ್ಲ ಕುಳಿತು ಓದಲೆಂದು ಈ ಸಲ ಇಲ್ಲಿ ಕೊಡುತ್ತಿದ್ದೇವೆ.

ಗವಾಯಿಯವರು ಹುಟ್ಟಿದ್ದು 1960ರ ನವೆಂಬರ್ 24ರಂದು, ವಿದರ್ಭದ ಅಮರಾವತಿಯಲ್ಲಿ. ಬಾಲ್ಯ ಕಳೆದದ್ದು ಫ್ರೇಜರಪುರಾ ಎಂಬ ಬಡವರ ಕೇರಿಯಲ್ಲಿ. ಮೊದಲ ಅಕ್ಷರ ಕಲಿತದ್ದು ನಗರಸಭೆಯ ಮರಾಠಿ ಶಾಲೆಯಲ್ಲಿ. ತಂದೆ ರಾ. ಸೂ. ಗವಾಯಿ, ಜನರ ಬಾಯಲ್ಲಿ ದಾದಾಸಾಹೇಬರು, ಡಾ. ಅಂಬೇಡ್ಕರರ ಅನುಯಾಯಿಗಳು, ರಿಪಬ್ಲಿಕನ್ ಪಕ್ಷದ ಮುಖಂಡರು. ಮುಂದೆ ಬಿಹಾರ, ಕೇರಳ ಮೊದಲಾದ ರಾಜ್ಯಗಳ ರಾಜ್ಯಪಾಲರೂ ಆದರು.

ಮಗನಿಗೆ ಮನೆ ಕಟ್ಟುವ ನಕ್ಷೆಕಾರನಾಗುವ, ಅಂದರೆ ಆರ್ಕಿಟೆಕ್ಟ್ ಆಗುವ ಆಸೆಯಿತ್ತು. ತಂದೆಗೆ ವಕೀಲರಾಗುವ ಆಸೆಯಿತ್ತು. ಚಳವಳಿಯಲ್ಲಿ ಸೆರೆಮನೆ ಸೇರಿದ್ದರಿಂದ ಅದು ಕೈಗೂಡಲಿಲ್ಲ. ತಮ್ಮಿಂದಾಗದ್ದನ್ನು ಮಗನಾದರೂ ಮಾಡಲಿ ಎಂದರು. ಮಗ ತನ್ನ ಆಸೆಯನ್ನು ಬದಿಗಿಟ್ಟು 1985ರಲ್ಲಿ ವಕೀಲಿ ಆರಂಭಿಸಿದರು. ಮೊದಲು ಮುಂಬಯಿಯಲ್ಲಿ, 1990ರಿಂದ ನಾಗಪುರ ಪೀಠದಲ್ಲಿ ಹೆಸರು ಮಾಡಿದರು.

ಕೈತುಂಬ ಕೆಲಸವಿದ್ದಾಗಲೇ ಹೈಕೋರ್ಟಿನ ನ್ಯಾಯಮೂರ್ತಿಯಾಗಲು ಕರೆ ಬಂತು. ವ್ಯಾಪಾರಸ್ಥರಾದ ನಮಗೆ ಈ ಕವಲುದಾರಿ ಚೆನ್ನಾಗಿ ಅರ್ಥವಾಗುತ್ತದೆ. ಹೆಸರಾಂತ ವಕೀಲರ ಗಳಿಕೆಯೆಲ್ಲಿ, ನ್ಯಾಯಮೂರ್ತಿಯ ಸಂಬಳವೆಲ್ಲಿ! ಆಗ ತಂದೆ ಹೇಳಿದ ಮಾತನ್ನು ಗವಾಯಿಯವರು 2025ರಲ್ಲಿ ನಾಗಪುರದ ಸಭೆಯಲ್ಲಿ ಕಣ್ಣು ತುಂಬಿಕೊಂಡು ನೆನೆದರು. ವಕೀಲನಾಗಿಯೇ ಉಳಿದರೆ ಹಣದ ಹಿಂದೆ ಹೋಗುವೆ, ನ್ಯಾಯಮೂರ್ತಿಯಾದರೆ ಅಂಬೇಡ್ಕರರು ತೋರಿದ ದಾರಿಯಲ್ಲಿ ನಡೆದು ಸಮಾಜಕ್ಕೆ ಒಳಿತು ಮಾಡುವೆ ಎಂಬುದು ಆ ಮಾತಿನ ಸಾರ. 2003ರ ನವೆಂಬರ್‌ನಲ್ಲಿ ಅವರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿಗೆ ಏರಿದರು. 2025ರ ಮೇ 14ರಂದು ಮುಖ್ಯ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ದಲಿತ ಸಮಾಜದಿಂದ ಆ ಪೀಠವೇರಿದವರಲ್ಲಿ ಕೆ. ಜಿ. ಬಾಲಕೃಷ್ಣನ್ ಅವರ ನಂತರ ಇವರು ಎರಡನೆಯವರು, ಬೌದ್ಧರಲ್ಲಿ ಮೊದಲನೆಯವರು. ಮಗ ಒಂದು ದಿನ ಅಲ್ಲಿಗೆ ಏರುವನೆಂದು ನಂಬಿದ್ದ ತಂದೆ 2015ರಲ್ಲೇ ತೀರಿಕೊಂಡಿದ್ದರು.

ಅಮೇರಿಕೆಯಲ್ಲೂ ಇಂಥದೇ ಒಂದು ಕಥೆಯಿದೆ. ಗುಲಾಮನ ಮರಿಮೊಮ್ಮಗ ಥರ್ಗುಡ್ ಮಾರ್ಷಲ್ 1908ರಲ್ಲಿ ಬಾಲ್ಟಿಮೋರಿನಲ್ಲಿ ಹುಟ್ಟಿದರು. ಅವರ ಊರಿನ ಕಾನೂನು ಕಾಲೇಜು ಕರಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಬೇರೆಡೆ ಓದಿ ವಕೀಲರಾಗಿ, ಅದೇ ಕಾಲೇಜಿನ ಮೇಲೆ ದಾವೆ ಹೂಡಿ ಕರಿಯ ವಿದ್ಯಾರ್ಥಿಗೆ ಪ್ರವೇಶ ಕೊಡಿಸಿದರು. 1954ರಲ್ಲಿ ಶಾಲೆಗಳಲ್ಲಿನ ವರ್ಣಭೇದ ತಪ್ಪೆಂಬ ತೀರ್ಪು ಅವರ ವಾದದಿಂದ ಬಂತು. 1967ರಲ್ಲಿ ಆ ದೇಶದ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿಯಾದರು. ಆ ಕೋರ್ಟು 1789ರಲ್ಲಿ ಸ್ಥಾಪನೆಯಾದದ್ದು, ಅಂದರೆ 178 ವರ್ಷ ಕಾಯಬೇಕಾಯಿತು. ನಮ್ಮ ಸುಪ್ರೀಂ ಕೋರ್ಟಿನಲ್ಲಿ ಮೊದಲ ದಲಿತ ನ್ಯಾಯಮೂರ್ತಿ ಎ. ವರದರಾಜನ್ ಕುಳಿತದ್ದು 1980ರಲ್ಲಿ, ಕೋರ್ಟು ಆರಂಭವಾದ 30 ವರ್ಷಗಳ ಮೇಲೆ.

ಆದರೆ ಈ ದಾರಿಯ ಮೊದಲ ಕಲ್ಲುಗಳಲ್ಲಿ ಕೆಲವು ಕೊಲ್ಲಾಪುರದಲ್ಲೇ ಬಿದ್ದಿದ್ದವೆಂಬುದು ನಮಗೆ ಹೆಮ್ಮೆಯ ಸಂಗತಿ. ರಾಜರ್ಷಿ ಶಾಹೂ ಮಹಾರಾಜರು 1902ರಲ್ಲೇ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ 50 ಸ್ಥಾನ ಕಾದಿಟ್ಟರು. ದಲಿತ ತರುಣರಿಗೆ ವಕೀಲಿಯ ಸನದು ಕೊಟ್ಟರು. 1920ರ ಮಾರ್ಚ್‌ನಲ್ಲಿ ಮಾಣಗಾವ ಪರಿಷತ್ತಿನಲ್ಲಿ ತರುಣ ಅಂಬೇಡ್ಕರರನ್ನು ಜನರ ಮುಂದೆ ನಾಯಕರೆಂದು ನಿಲ್ಲಿಸಿದರು. ಅದೇ ಮಹಾರಾಜರ ಆಶ್ರಯದಲ್ಲಿ 1901ರಲ್ಲಿ ಕೊಲ್ಲಾಪುರದ ದಿಗಂಬರ ಜೈನ ಬೋರ್ಡಿಂಗು ತೆರೆಯಿತು, 1908ರಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗು ತೆರೆಯಿತು. ಮಹಾರಾಜರ ಚರಿತ್ರೆಯನ್ನು 1924ರಲ್ಲಿ ಬರೆದವರು ನಮ್ಮವರೇ ಆದ ಅಣ್ಣಾಸಾಹೇಬ ಲಠ್ಠೆಯವರು. ನಮ್ಮ ಅಜ್ಜಂದಿರ ಓದಿಗೂ ಆ ಮಕ್ಕಳ ಓದಿಗೂ ನೆರಳು ಕೊಟ್ಟ ಮರ ಒಂದೇ ಎಂಬುದನ್ನು ಮರೆಯಬಾರದು.

ಇನ್ನು ಅವರ ತೀರ್ಪುಗಳ ಮಾತು. 2024ರ ನವೆಂಬರ್ 13ರಂದು ಗವಾಯಿಯವರೂ ನ್ಯಾಯಮೂರ್ತಿ ವಿಶ್ವನಾಥನ್ ಅವರೂ ಕೊಟ್ಟ ತೀರ್ಪು ಪ್ರತಿಯೊಂದು ಮನೆಗೂ ಸಂಬಂಧಿಸಿದ್ದು. ಒಬ್ಬನ ಮೇಲೆ ಅಪರಾಧದ ಆರೋಪ ಬಂದ ಮಾತ್ರಕ್ಕೆ ಅವನ ಮನೆಯನ್ನು ಕೆಡವುವಂತಿಲ್ಲ. ಕೆಡವುವ ಮೊದಲು 15 ದಿನಗಳ ನೋಟೀಸು ಕೊಡಬೇಕು, ಅವನ ಮಾತು ಕೇಳಬೇಕು ಎಂದರು. ರಸ್ತೆ, ಫುಟ್‌ಪಾತ್ ಮೊದಲಾದ ಸಾರ್ವಜನಿಕ ಜಾಗದ ಅತಿಕ್ರಮಣಕ್ಕೆ ಈ ರಕ್ಷಣೆಯಿಲ್ಲ ಎಂಬುದನ್ನೂ ಸ್ಪಷ್ಟಪಡಿಸಿದರು.

ಅದೇ ವರ್ಷದ ಆಗಸ್ಟ್ 1ರ ಇನ್ನೊಂದು ತೀರ್ಪಿನಲ್ಲಿ, ಪರಿಶಿಷ್ಟರಲ್ಲೂ ಅನುಕೂಲಸ್ಥರನ್ನು ಗುರುತಿಸಿ ಮೀಸಲಾತಿಯಿಂದ ಹೊರಗಿಡಬೇಕೆಂದು ಬರೆದರು. ದೊಡ್ಡ ಅಧಿಕಾರಿಯ ಮಗನನ್ನೂ ಹಳ್ಳಿಯ ಕೂಲಿಯ ಮಗನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂಬುದು ಅವರ ಮತ. ಈ ಮತದ ಬಗ್ಗೆ ಭಿನ್ನಾಭಿಪ್ರಾಯವಿದೆ. ಅವರದೇ ಸಮಾಜದಿಂದಲೂ ಟೀಕೆ ಬಂತು. ಆದರೂ ತಮಗೆ ಸರಿಕಂಡದ್ದನ್ನು ತಮ್ಮವರ ಎದುರಿಗೇ ಹೇಳುವುದು ಸುಲಭದ ಕೆಲಸವಲ್ಲ. ನಮ್ಮ ಪಂಚರು ಸ್ವಂತ ಬೀಗರ ವಿರುದ್ಧ ನ್ಯಾಯ ಹೇಳಬೇಕಾಗಿ ಬಂದಾಗ ಎಷ್ಟು ಕಷ್ಟಪಡುತ್ತಾರೆಂದು ನಾವೆಲ್ಲ ಬಲ್ಲೆವು.

2025ರ ಅಕ್ಟೋಬರ್ 6ರಂದು ಕೋರ್ಟು ನಡೆಯುತ್ತಿದ್ದಾಗಲೇ ವಕೀಲನೊಬ್ಬ ಅವರತ್ತ ಬೂಟು ಎಸೆಯಲು ಹೋದ. ಗವಾಯಿಯವರು ವಿಚಲಿತರಾಗದೆ ಮುಂದಿನ ಪ್ರಕರಣ ಕೈಗೆತ್ತಿಕೊಂಡರು. ಆತನ ಮೇಲೆ ಕ್ರಮಕ್ಕೂ ಮುಂದಾಗಲಿಲ್ಲ. ಪರ್ಯೂಷಣದಲ್ಲಿ ವರ್ಷಕ್ಕೊಮ್ಮೆ ಕ್ಷಮೆಯ ಮಾತನಾಡುವ ನಮಗೆ ಇದರಲ್ಲಿ ಕಲಿಯುವುದಿದೆ. 2025ರ ನವೆಂಬರ್ 23ರಂದು ಅವರು ನಿವೃತ್ತರಾದರು. ನಿವೃತ್ತಿಯ ನಂತರ ಸರ್ಕಾರದ ಯಾವ ಹುದ್ದೆಯನ್ನೂ ಸ್ವೀಕರಿಸುವುದಿಲ್ಲವೆಂದು ಮೊದಲೇ ಸಾರಿದ್ದರು.

ಕೊನೆಗೆ ತಂದೆ ತಾಯಂದಿರಿಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಮಕ್ಕಳು ಪೇಢಿಗೆ ಕೂಡಬೇಕು, ಇಲ್ಲವೆ ಸಿ.ಎ. ಆಗಬೇಕು ಎಂಬುದೇ ವಾಡಿಕೆ. ನ್ಯಾಯಾಧೀಶನಾಗುತ್ತೇನೆಂದು ಮಗನೋ ಮಗಳೋ ಹೇಳಿದರೆ ಸಂಬಳವೆಷ್ಟು ಎಂದು ಮೊದಲು ಕೇಳುತ್ತೇವೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷ ವಕೀಲಿ ಮಾಡಿರಬೇಕೆಂದು ಗವಾಯಿಯವರ ಪೀಠವೇ 2025ರ ಮೇ 20ರಂದು ತೀರ್ಪು ಕೊಟ್ಟಿತು. ಅಂದರೆ ಕಾಲೇಜು ಮುಗಿದ ಮೇಲೂ ಗಳಿಕೆ ಕಡಿಮೆಯಿರುವ ಕೆಲವು ವರ್ಷ ಮನೆಯವರ ಆಸರೆ ಬೇಕು. ಆ ಆಸರೆ ಕೊಡುವ ಶಕ್ತಿ ನಮ್ಮ ಅನೇಕ ಕುಟುಂಬಗಳಿಗಿದೆ. ಹೈಕೋರ್ಟಿನ ಪೀಠ ಈಗ ನಮ್ಮ ಕೊಲ್ಲಾಪುರಕ್ಕೇ ಬಂದಿದೆ. ನ್ಯಾಯ ಬೇಡಿ ಅದರ ಬಾಗಿಲಿಗೆ ಹೋಗುವವರು ನಮ್ಮಲ್ಲಿ ಬಹಳ. ನ್ಯಾಯ ಕೊಡಲು ಅಲ್ಲಿ ಕುಳಿತುಕೊಳ್ಳುವವರೂ ನಮ್ಮ ಮನೆಗಳಿಂದ ಹೊರಡಲಿ.