ಕಂಪ್ಯೂಟರು ನಿಂತರೆ ನಷ್ಟ ಯಾರ ತಲೆಗೆ?



ನಾಗಪುರದ ಪ್ರತಾಪ ನಗರದಲ್ಲಿ ನಾವು ದುಡಿದ ಹೋಟೆಲಿನ ಗಲ್ಲಾಕ್ಕೂ ಕಂಪ್ಯೂಟರು ಬಂತು. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಊಟದ ಗಲಾಟೆಯ ಹೊತ್ತಿಗೇ ‘ಅಪ್‌ಡೇಟ್’ ಎಂದು ಕಣ್ಣು ಮುಚ್ಚುತ್ತಿತ್ತು. ಸಂಘದ ಹಳೆಯ ಕಂಪ್ಯೂಟರಿಗೆ ಹಾಕಿದ ಉಚಿತ ಲಿನಕ್ಸ್ ತಿಂಗಳುಗಟ್ಟಲೆ ನಿಲ್ಲದೆ ನಡೆಯಿತು. ಆದರೆ ಪ್ರಿಂಟರಿನೊಡನೆ ಅದಕ್ಕೆ ಹೊಂದಿಕೆಯಾಗಲಿಲ್ಲ.

ದೊಡ್ಡವರ ಪಾಡೂ ಇದೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸು ಕೈಯಲ್ಲೇ ಬರೆದರು. ಲಿನಕ್ಸ್, ಮ್ಯಾಕ್‌ಗಳಿಗೆ ಅಂದಿನ ಪೆಟ್ಟು ತಟ್ಟಲಿಲ್ಲ. ಆದರೂ ಎಂದೂ ಕೆಡದ ಯಂತ್ರವೆಂಬುದಿಲ್ಲ.

ನಮ್ಮ ಪ್ರಶ್ನೆ ಬೇರೆ. ಯಂತ್ರ ಕೊಳ್ಳುವವನು ಮಾಲೀಕ. ಅದು ನಿಂತಾಗ ಗಲ್ಲಾದ ಕೊರತೆಯನ್ನು ಕೂತವನ ಸಂಬಳದಿಂದ ಮುರಿಯುವುದು ಯಾವ ನ್ಯಾಯ? ನೌಕರನ ಅಲಕ್ಷ್ಯದಿಂದಲೇ ಆದ ನಷ್ಟಕ್ಕೆ ಮಾತ್ರ, ಅದೂ ಅವನ ಸಮಜಾಯಿಷಿ ಕೇಳಿದ ಮೇಲೆ, ಸಂಬಳ ಮುರಿಯಬಹುದೆಂದು 1936ರ ವೇತನ ಪಾವತಿ ಕಾಯಿದೆ ಹೇಳಿತ್ತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ.

ಆದ್ದರಿಂದ ಗಲ್ಲಾದ ಪಕ್ಕ ಬಿಲ್ಲು ಪುಸ್ತಕ ಇರಲೇಬೇಕೆಂದು ಕೇಳಿರಿ. ಯಂತ್ರ ನಿಂತ ಗಳಿಗೆ, ಮತ್ತೆ ನಡೆದ ಗಳಿಗೆ ಬರೆದು ಮ್ಯಾನೇಜರರ ಸಹಿ ಪಡೆಯಿರಿ. ಗಿರಣಿಯ ಹಾಜರಿ ಯಂತ್ರಕ್ಕೂ ಇದೇ ಕ್ರಮವಿರಲಿ. ಸಿಸ್ಟಂ ಯಾವುದೇ ಇರಲಿ, ಕೈಬರಹದ ಸಾಕ್ಷಿ ನಮ್ಮ ಬಳಿ ಇರಲಿ.