ಸೀಟು ಇಳಿಸಿದರೆ ಸಾಲದು

ನನ್ನ ಎತ್ತರ ಐದಡಿ ಒಂದು ಇಂಚು. ಸೈಕಲ್ ಅಂಗಡಿಗಳಲ್ಲಿ ಇದಕ್ಕೆ ಸಿಗುವ ಪರಿಹಾರ ಒಂದೇ: "ಸೀಟು ಇಳಿಸಿ ಕೊಡ್ತೀವಿ ಮೇಡಂ." ಐದು ವರ್ಷದಿಂದ ನಾನು ಓಡಿಸ್ತಿರೋ ಮೌಂಟೇನ್ ಬೈಕ್ ಹಾಗೆ ಮನೆಗೆ ಬಂದದ್ದೇ. 17 ಇಂಚಿನ ಫ್ರೇಮ್, 29 ಇಂಚಿನ ಚಕ್ರ, ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೇಲ್. ಸೀಟೇನೋ ಇಳಿಯುತ್ತೆ, ಹ್ಯಾಂಡಲ್‌ಬಾರ್ ಹತ್ತಿರ ಬರಲ್ಲವಲ್ಲ! ಇಳಿಜಾರಿನಲ್ಲಿ ತೋಳು ಚಾಚಿ, ಬ್ರೇಕ್ ಲಿವರನ್ನು ಬೆರಳ ತುದಿಯಿಂದ ಎಳೆದು ಹಿಡಿಯಬೇಕು. ಹತ್ತು ನಿಮಿಷದಲ್ಲಿ ಬೆರಳು ಜೋಮು. ಲಿವರಿನ ಪುಟ್ಟ ಸ್ಕ್ರೂವನ್ನು ಕೊನೆವರೆಗೂ ತಿರುಗಿಸಿ ಆಗಿದೆ, ಆದ್ರೂ ಸಾಲದು. "ನಿಂಗೆ ಇಳಿಜಾರು ಅಂದ್ರೆ ಭಯ ಕಣೇ" ಅನ್ನೋದು ನಮ್ಮ ಭಾನುವಾರದ ಗುಂಪಿನ ತೀರ್ಪು. ಒಪ್ಪಲು ನನಗೆ ಮನಸ್ಸಿರಲಿಲ್ಲ, ಅಲ್ಲಗಳೆಯಲು ಪುರಾವೆಯೂ ಇರಲಿಲ್ಲ.

ಪುರಾವೆ ಸಿಕ್ಕಿದ್ದು ಈ ಸಲದ ನವೆಂಬರ್‌ನಲ್ಲಿ. ಸಕಲೇಶಪುರದ ಹತ್ತಿರ ಕಾಫಿ ತೋಟವೊಂದರಲ್ಲಿ ಹವ್ಯಾಸಿಗಳ ರೇಸ್, ಏಳು ಕಿಲೋಮೀಟರಿನ ಮೂರು ಸುತ್ತು. ನನ್ನಷ್ಟೇ ಎತ್ತರದ ಸಹೋದ್ಯೋಗಿಯೊಬ್ಬಳಿಗೆ ಭುಜದ ನೋವು. "ನನ್ ಬೈಕ್ ತಗೊಂಡು ಹೋಗು, ಸುಮ್ನೆ ನಿಂತಿರುತ್ತೆ" ಅಂದಳು. ಸ್ಮಾಲ್ ಫ್ರೇಮ್, 27.5 ಇಂಚಿನ ಚಕ್ರ, ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್. ಅದರ ಬೆಲೆಯಲ್ಲಿ ನನ್ನ ಸ್ಕೂಟರ್ ಎರಡು ಬರುತ್ತೆ, ಕೈ ನಡುಗದೇ ಇರುತ್ತಾ?

ಎರಡು ಸಂಜೆ ಬರೀ ಹೊಂದಿಸೋದರಲ್ಲೇ ಹೋಯ್ತು. ಸವಾರರು ಕೂತಾಗ ಹಿಂದಿನ ಶಾಕ್ ತನ್ನ ಚಲನೆಯ ಸುಮಾರು ಕಾಲು ಭಾಗ ತಗ್ಗಬೇಕು. ಅವಳ ತೂಕಕ್ಕೆ ತುಂಬಿದ್ದ ಗಾಳಿಗೆ ನನ್ನ 49 ಕಿಲೋ ಲೆಕ್ಕಕ್ಕೇ ಇಲ್ಲ, ಶಾಕ್ ಅಲುಗಲೂ ಇಲ್ಲ. ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟು, ಕೂತು ನೋಡಿ, ಮತ್ತೆ ಬಿಟ್ಟು ಸರಿಮಾಡಿದೆ. ಲಿವರ್ ಮಾತ್ರ ಮೊದಲ ದಿನವೇ ಒಂದೇ ಬೆರಳಿಗೆ ಸಿಕ್ಕಿತು.

"ಬೈಕಲ್ಲ ಮುಖ್ಯ, ಕಾಲು ಮುಖ್ಯ" ಅಂತ ಗುಂಪಿನಲ್ಲಿ ಒಬ್ಬರು ಹೇಳುತ್ತಲೇ ಇರುತ್ತಾರೆ. ಅವರ ನೆಚ್ಚಿನ ಉದಾಹರಣೆ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ರಿಪ್ಯಾಕ್ ರೇಸ್. ಹಳೇ ದಪ್ಪ ಟೈರಿನ ಸೈಕಲ್‌ಗಳಲ್ಲಿ ಬೆಟ್ಟ ಇಳಿಯೋರು. ಬ್ರೇಕಿನ ಬಿಸಿಗೆ ಹಬ್‌ನೊಳಗಿನ ಗ್ರೀಸ್ ಹೊಗೆಯಾಗಿ ಹೋಗೋದು, ಮತ್ತೆ ಹೊಸದಾಗಿ ತುಂಬಬೇಕು. ಆ ಹೆಸರು ಬಂದಿದ್ದೇ ಹಾಗೆ. ಕಥೆ ಚೆನ್ನಾಗಿದೆ. ಆದರೆ ಅಲ್ಲಿ ಓಡಿಸುತ್ತಿದ್ದ ಜೋ ಬ್ರೀಜ್ ಮರುವರ್ಷವೇ ಬೆಟ್ಟಕ್ಕೆಂದೇ ಹೊಸ ಫ್ರೇಮ್ ಕಟ್ಟಿದ್ದನ್ನು ನಮ್ಮವರು ಹೇಳೋದೇ ಇಲ್ಲ.

ರೇಸ್ ದಿನ ಹೆಂಗಸರು ಹನ್ನೊಂದು ಜನ. ಮೊದಲ ಏರಿನಲ್ಲೇ ಮೂವರು ನನ್ನನ್ನು ದಾಟಿದರು. ಬೈಕ್ ನನ್ನದಕ್ಕಿಂತ ಒಂದೂವರೆ ಕಿಲೋ ಭಾರ, ಅದು ತೊಡೆಗೆ ಚೆನ್ನಾಗಿ ಗೊತ್ತಾಗುತ್ತೆ. ಶಾಕ್ ಲಾಕ್ ಮಾಡಿದರೂ ಭಾರವೇನು ಕಡಿಮೆಯಾಗಲ್ಲವಲ್ಲ. ಆಮೇಲೆ ಬಂತು ಸಿಲ್ವರ್ ಓಕ್ ಮರಗಳ ನಡುವಿನ ಇಳಿಜಾರು: ಒದ್ದೆ ಎಲೆ, ಬೇರು, ಕೊನೆಯಲ್ಲಿ ಅಡ್ಡಕ್ಕೊಂದು ಚರಂಡಿ. ಹೋದ ವರ್ಷ ಇದೇ ಜಾಗದಲ್ಲಿ ಮೂರು ಸುತ್ತೂ ಇಳಿದು ತಳ್ಳಿಕೊಂಡು ಹೋಗಿದ್ದೆ. ಈ ಸಲ ಮೊಣಕೈ ಮಡಚಲು ಜಾಗ ಇತ್ತು. ಮೈಯನ್ನು ಹಿಂದಕ್ಕೆ ತಂದರೂ ಬೆರಳು ಬ್ರೇಕಿನ ಮೇಲೇ ಇತ್ತು. ಚರಂಡಿ ಯಾವಾಗ ದಾಟಿತೋ! ದಾಟಿದ ಮೇಲೆ ಜೋರಾಗಿ ಕೂಗಿದೆ, ಅಲ್ಲಿದ್ದ ಸ್ವಯಂಸೇವಕ ಹುಡುಗ ಬೆಚ್ಚಿಬಿದ್ದ. ಮೂರು ಸುತ್ತೂ ಇಳಿಯಲಿಲ್ಲ.

ಐದನೆಯವಳಾಗಿ ಮುಗಿಸಿದೆ, ಹೋದ ವರ್ಷಕ್ಕಿಂತ ಒಂಬತ್ತು ನಿಮಿಷ ಬೇಗ. ಈ ಸಲ ಕೆಸರು ಕಡಿಮೆ ಇತ್ತು, ಅಷ್ಟನ್ನು ಕಳೆದುಕೊಳ್ಳಿ. ಬೆರಳು ಮಾತ್ರ ಜೋಮು ಹಿಡಿದಿರಲಿಲ್ಲ. ಕಾಲ್ಚೀಲದೊಳಗಿದ್ದ ಎರಡು ಇಂಬಳಗಳನ್ನು ಆ ಬೆರಳುಗಳಿಂದಲೇ ಕಿತ್ತು ಎಸೆದೆ.

ಹಾಗಂತ ಫುಲ್ ಸಸ್ಪೆನ್ಷನ್ ಕೊಳ್ತಿಲ್ಲ. ನನಗೆ ಒಗ್ಗಿದ್ದು ಅದರ ಸ್ಪ್ರಿಂಗ್‌ಗಿಂತ ಹೆಚ್ಚಾಗಿ ಅದರ ಅಳತೆ. ಏರಿನಲ್ಲಿ ನನಗೆ ಹಗುರವಾದ ಹಾರ್ಡ್‌ಟೇಲೇ ಬೇಕು, ಬ್ಯಾಂಕ್ ಖಾತೆಯ ಅಭಿಪ್ರಾಯವೂ ಅದೇ. ಸ್ಮಾಲ್ ಫ್ರೇಮಿಗೆ ಮುಂಗಡ ಕೊಟ್ಟಿದ್ದೇನೆ, ಬರಲು ಆರು ವಾರ ಅಂತೆ. ನಿಮ್ಮಲ್ಲೂ ಯಾರಾದರೂ ನನ್ನ ಎತ್ತರದವರಿದ್ದು ಬೈಕ್ ನೋಡಲು ಹೊರಟಿದ್ದರೆ, ಸೀಟಿನ ಮಾತು ಆಮೇಲೆ. ಮೊದಲು ಪೆಡಲ್ ಮೇಲೆ ನಿಂತು, ಮೈ ಹಿಂದಕ್ಕೆ ಮಾಡಿ, ಬ್ರೇಕ್ ಎಟುಕುತ್ತಾ ನೋಡಿ.